ಚಿತ್ರಕಲೆ ಓದದವರಿಗೆ ಆರ್ಕಿಟೆಕ್ಚರ್ ಇಲ್ಲವೇ?

ನೀಲಗಿರಿಯ ಕಡೆಯಿಂದ ಬಂದಿರುವ ಒಂದು ಪತ್ರವನ್ನು ಈ ಸಂಚಿಕೆಗೆ ಎತ್ತಿಕೊಂಡಿದ್ದೇವೆ. ಕೂನೂರಿನ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿರುವ ಮನೆಯ ತಾಯಿಯೊಬ್ಬರು ಬರೆದಿದ್ದಾರೆ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ, ಆರ್ಕಿಟೆಕ್ಟ್ ಆಗಬೇಕೆಂಬ ಆಸೆ ಹೊತ್ತಿದ್ದಾಳೆ. ಆದರೆ ಶಾಲೆಯಲ್ಲಿ ಚಿತ್ರಕಲೆಯನ್ನು ವಿಷಯವಾಗಿ ಓದಿಲ್ಲ, ಡ್ರಾಯಿಂಗ್ ಪರೀಕ್ಷೆ ಒಂದಕ್ಕೂ ಕುಳಿತಿಲ್ಲ. ಚಿತ್ರ ಬಾರದವಳಿಗೆ ಆ ಓದು ಯಾಕೆ, ಕಾಮರ್ಸ್ ತೆಗೆದುಕೊಳ್ಳಲಿ, ಅಂಗಡಿಯ ಲೆಕ್ಕಪತ್ರಕ್ಕಾದರೂ ಆದೀತು ಎಂಬುದು ಮನೆಯ ಹಿರಿಯರ ಮಾತಂತೆ.

ಹಿರಿಯರ ಕಾಳಜಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಇಲ್ಲಿ ಭಯ ಒಂದು ಕಡೆ, ಅಪಾಯ ಇನ್ನೊಂದು ಕಡೆ ಇದೆ. ನಮ್ಮ ದೇಶದಲ್ಲಿ ಐದು ವರ್ಷದ ಬಿ.ಆರ್ಕ್. ಪದವಿಗೆ ಸೇರಲು ಚಿತ್ರಕಲೆಯ ಪ್ರಮಾಣಪತ್ರ ಬೇಕೇ ಬೇಕೆಂಬ ನಿಯಮವಿಲ್ಲ. ಕರ್ನಾಟಕದಲ್ಲಿ ಮಕ್ಕಳು ಬರೆಯುವ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳನ್ನೂ ಕೇಳುವುದಿಲ್ಲ. ಕೇಳುವುದು ಗಣಿತ ಮತ್ತು ಭೌತಶಾಸ್ತ್ರವನ್ನು. ಹನ್ನೊಂದು, ಹನ್ನೆರಡನೆಯ ತರಗತಿಗಳಲ್ಲಿ ಇವೆರಡೂ ಇರಬೇಕು. ಜೊತೆಗೆ ರಸಾಯನಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಮೊದಲಾದ ಪಟ್ಟಿಯಿಂದ ಇನ್ನೊಂದು. ಬಿಸಿನೆಸ್ ಸ್ಟಡೀಸ್ ಕೂಡ ಈಗ ಆ ಪಟ್ಟಿಯಲ್ಲಿದೆ, ವ್ಯಾಪಾರಸ್ಥರ ಮನೆಗಳಿಗೆ ಇದು ಸಂತೋಷದ ಸಂಗತಿಯೇ. ಆದರೆ ಭೌತಶಾಸ್ತ್ರವಿಲ್ಲದ ಬರೀ ಕಾಮರ್ಸ್ ಗುಂಪಿಗೆ ಸೇರಿಸಿದಿರೋ, ಎರಡು ವರ್ಷದ ನಂತರ ಮಗಳು ಎಷ್ಟು ಚೆನ್ನಾಗಿ ಚಿತ್ರ ಬರೆದರೂ ಅರ್ಜಿ ಹಾಕಲಾಗದು. ಚಿತ್ರ ಬಾರದೆಂದು ಕಾಮರ್ಸಿಗೆ ಸೇರಿಸುವುದೆಂದರೆ, ತೆರೆದಿರುವ ಬಾಗಿಲನ್ನು ನಾವೇ ಎಳೆದು ಚಿಲಕ ಹಾಕಿದಂತೆ. ಹತ್ತನೆಯ ತರಗತಿಯ ನಂತರ ಗಣಿತವಿರುವ ಮೂರು ವರ್ಷದ ಡಿಪ್ಲೊಮಾ ಮಾಡಿ ಬರುವ ದಾರಿಯೂ ಉಂಟು.

ಹಾಗಾದರೆ ಚಿತ್ರವೇ ಬೇಡವೇ? ಬೇಕು, ಆದರೆ ನಾವು ಅಂದುಕೊಂಡಂತಹ ಚಿತ್ರವಲ್ಲ. 1972ರ ಆರ್ಕಿಟೆಕ್ಟರ ಕಾಯಿದೆಯಂತೆ ಸ್ಥಾಪನೆಯಾದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ 2006ರಿಂದ ‘ನಾಟಾ’ ಎಂಬ ಅಭಿರುಚಿ ಪರೀಕ್ಷೆ ನಡೆಸುತ್ತಿದೆ. 2024ರಲ್ಲಿ ಬಂದ ಮಾದರಿಯಲ್ಲಿ ಒಟ್ಟು 200 ಅಂಕ. ಅದರಲ್ಲಿ 80 ಅಂಕ ಕೈಯಿಂದ ಮಾಡುವ ಕೆಲಸಕ್ಕೆ, ಕಾಲಾವಕಾಶ ಒಂದೂವರೆ ಗಂಟೆ. ಬಣ್ಣಗಳ ಜೋಡಣೆ, ಕಪ್ಪು ಬಿಳುಪಿನ ರೇಖಾಚಿತ್ರ, ಕೊಟ್ಟ ಸಾಮಗ್ರಿಯಿಂದ ಒಂದು ಆಕೃತಿಯನ್ನು ನಿಲ್ಲಿಸಿ ತೋರಿಸುವುದು, ಇಷ್ಟೇ. ದೇವರ ಪಟ ಬರೆಯಿರಿ, ಮುಖಚಿತ್ರ ಬರೆಯಿರಿ ಎನ್ನುವುದಿಲ್ಲ. ಉಳಿದ 120 ಅಂಕ ತರ್ಕ, ಲೆಕ್ಕ, ಗಮನಿಸುವ ಶಕ್ತಿಗಳಿಗೆ ಸೇರಿದ್ದು. ಗಿರಾಕಿಯ ಎದುರು ಬಟ್ಟೆ ಹರಡಿ ಯಾವ ಅಂಚಿಗೆ ಯಾವ ಬಣ್ಣ ಒಪ್ಪುತ್ತದೆಂದು ನೋಡುತ್ತಾ ಬೆಳೆದ ಹುಡುಗಿಗೆ ಬಣ್ಣದ ಪಾಠ ಪೂರಾ ಹೊಸದೇನೂ ಆಗಲಾರದು!

ಅಭ್ಯಾಸಕ್ಕೆ ಕೂನೂರಿಗಿಂತ ಒಳ್ಳೆಯ ಶಾಲೆ ಎಲ್ಲಿದೆ? ಮೇಲಿನ ಕೂನೂರಿಗೂ ಕೆಳಗಿನ ಪೇಟೆಗೂ ನಡುವೆ ಹತ್ತಿ ಇಳಿಯುವ ಮೆಟ್ಟಿಲುಗಳು, 1899ರಲ್ಲಿ ಮೇಟುಪಾಳ್ಯದಿಂದ ರೈಲು ಬಂದು ಮುಟ್ಟಿದ ನಿಲ್ದಾಣ, ಎಲೆ ಬಾಡಿಸಲು ಮೇಲಂತಸ್ತಿನ ತುಂಬ ಕಿಟಕಿ ಇಟ್ಟುಕೊಂಡ ಟೀ ಕಾರ್ಖಾನೆಗಳು, ಇಳಿಜಾರಿನಲ್ಲಿ ಮಣ್ಣು ಹಿಡಿದು ನಿಂತ ಕಲ್ಲಿನ ಗೋಡೆಗಳು. ದಿನಕ್ಕೆ ಅರ್ಧ ಗಂಟೆ ಕೈಯಳತೆಯ ಪುಸ್ತಕದಲ್ಲಿ ಇವನ್ನು ಗೀಚಲಿ. ಚೆಂದ ಬರಲಿಲ್ಲವೆಂದು ಹರಿಯಬಾರದು, ತಾರೀಖು ಹಾಕಿ ಇಟ್ಟುಕೊಳ್ಳಲಿ. ಈ ಮನೆಗೆ ನೀರು ಎಲ್ಲಿಂದ ಹರಿದುಹೋಗುತ್ತದೆ, ಬಿಸಿಲು ಯಾವ ಹೊತ್ತಿಗೆ ಒಳಬರುತ್ತದೆ ಎಂದು ಪಕ್ಕದಲ್ಲಿ ಬರೆಯಲಿ. 2009ರ ನವೆಂಬರಿನ ಮಳೆಗೆ ನೀಲಗಿರಿಯಲ್ಲಿ ಗುಡ್ಡ ಕುಸಿದು ಎಷ್ಟೋ ಜನ ಪ್ರಾಣ ಕಳೆದುಕೊಂಡರು. ಆ ಊರಿನ ಮಗುವಿಗೆ ನೀರಿನ ದಾರಿಯ ಪ್ರಶ್ನೆ ಬರೀ ಪಠ್ಯದ್ದಲ್ಲ.

ರಜೆಯಲ್ಲಿ ಯಾತ್ರೆಗೆ ಹೋದಾಗಲೂ ಪುಸ್ತಕ ಜೊತೆಗಿರಲಿ. ಮೂಡಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ಮುಂದೆ ನಿಂತರೆ, ಕರಾವಳಿಯ ಮಳೆಗೆ ತಕ್ಕಂತೆ ಅದರ ಮಾಡು ಹೇಗೆ ಇಳಿಜಾರಾಗಿದೆ ಎಂಬುದು ಕಾಣುತ್ತದೆ. ಹಳೇಬೀಡಿನ 1133ರ ಪಾರ್ಶ್ವನಾಥ ಬಸದಿಯಲ್ಲಿ ನಮ್ಮವರು ಕಂಬದ ಹೊಳಪಿನಲ್ಲಿ ಮುಖ ನೋಡಿ ಬರುತ್ತಾರೆ. ಕಂಬದಿಂದ ಕಂಬಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ ಬಂದವರು ಕಡಿಮೆ.

ಬೆಂಗಳೂರಿನ ಐಐಎಂ ಕಟ್ಟಡವನ್ನು ರೂಪಿಸಿದ ಬಾಲಕೃಷ್ಣ ದೋಶಿಯವರು ಪುಣೆಯಲ್ಲಿ ಪೀಠೋಪಕರಣ ಮಾಡುವ ಮನೆತನದಲ್ಲಿ 1927ರಲ್ಲಿ ಹುಟ್ಟಿದವರು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರೇ. ಮನೆಯ ಕಸುಬು ಈ ಓದಿಗೆ ಅಡ್ಡಬರುವುದಿಲ್ಲವೆಂದು ಹೇಳಲು ಅವರನ್ನು ನೆನೆದೆವು.

ಇನ್ನು ಸೀಟಿನ ವಿಚಾರ. ತಮಿಳುನಾಡಿನ ಕೌನ್ಸೆಲಿಂಗಿನಲ್ಲಿ ಹನ್ನೆರಡನೆಯ ತರಗತಿಯ ಅಂಕಕ್ಕೂ ಅಭಿರುಚಿ ಪರೀಕ್ಷೆಯ ಅಂಕಕ್ಕೂ ಸಮಪಾಲು, ಕರ್ನಾಟಕದಲ್ಲೂ ಹಾಗೆಯೇ. ಆದ್ದರಿಂದ ಡ್ರಾಯಿಂಗ್ ಮೇಷ್ಟರನ್ನು ಹುಡುಕುವ ಭರದಲ್ಲಿ ತರಗತಿಯ ಪಾಠ ಬಿಡಬಾರದು. ತಿರುಚಿರಾಪಳ್ಳಿಯ ಎನ್‌ಐಟಿ, ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಮುಂತಾದ ಕಡೆಗೆ ಜೆಇಇ ಮೇನ್‌ನ ಎರಡನೆಯ ಪತ್ರಿಕೆ ಬರೆಯಬೇಕು, ಅದರಲ್ಲೂ ಡ್ರಾಯಿಂಗ್ ಭಾಗವಿದೆ. ಇಂಗ್ಲೆಂಡಿಗೆ ಕಳುಹಿಸುವ ಯೋಚನೆಯಿದ್ದರೆ ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯ ಕೆಲಸಗಳ ಸಂಗ್ರಹವನ್ನು ನೋಡಲು ಕೇಳುತ್ತವೆ. ತಾರೀಖು ಹಾಕಿಟ್ಟ ಆ ಪುಸ್ತಕಗಳು ಆಗ ಉಪಯೋಗಕ್ಕೆ ಬರುತ್ತವೆ. ನಿಯಮಗಳು ವರ್ಷ ವರ್ಷಕ್ಕೆ ಸ್ವಲ್ಪ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ತಂದೆತಾಯಿಗಳೇ ಓದಿಕೊಳ್ಳಬೇಕು. ಕಾಲೇಜು ಕೌನ್ಸಿಲಿನ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ಹಣ ಕಟ್ಟುವ ಮೊದಲು ನೋಡಿ. ಒಳಾಂಗಣ ಅಲಂಕಾರದ ಕೋರ್ಸುಗಳು ಬೇರೆ, ಅವುಗಳಿಂದ ಆರ್ಕಿಟೆಕ್ಟ್ ಎಂದು ನೋಂದಣಿ ಆಗುವುದಿಲ್ಲ.

ಕೊನೆಗೆ, ಹಾಸ್ಟೆಲಿನ ಊಟದ ಬಗ್ಗೆ ಕೇಳಿದ್ದೀರಿ. ಈ ಓದಿನಲ್ಲಿ ನಕ್ಷೆ, ಮಾದರಿಗಳ ಕೆಲಸ ರಾತ್ರಿಯವರೆಗೂ ನಡೆಯುವುದುಂಟು. ರಾತ್ರಿ ಭೋಜನ ತ್ಯಾಗದ ನಿಯಮವಿರುವ ಮಗಳಿಗೆ ಸಂಜೆಯ ಊಟ ಹೊತ್ತಿಗೆ ಮುಂಚೆ ಸಿಗುವುದೇ ಎಂದು ಸೇರಿಸುವ ಮೊದಲೇ ವಾರ್ಡನರನ್ನು ವಿಚಾರಿಸಿ. ಕೊಯಮತ್ತೂರಿನಲ್ಲಿ ಹಲವು ಕಾಲೇಜುಗಳಿವೆ. ಅಲ್ಲಿ ಬಂಧುಗಳ ಮನೆಯಿದ್ದರೆ ಮೊದಲ ವರ್ಷ ಅಲ್ಲಿಂದಲೇ ಹೋಗಿ ಬರಬಹುದು.