ಗಿರಣಿ ಕಾಮಗಾರನ ಮಕ್ಕಳಿಗೆ ಎಂ.ಎ. ಬಾಗಿಲು

ಕೊಣ್ಣೂರಿನ ಕಾಮಗಾರನ ಮಗಳು ಬಿ.ಕಾಂ. ಮುಗಿಸಿ ಸಮಾಜಶಾಸ್ತ್ರದ ಎಂ.ಎ. ಓದುತ್ತೇನೆಂದರೆ ಮೊದಲ ಪ್ರಶ್ನೆ: ಪದವಿಯಲ್ಲಿ ಆ ವಿಷಯ ಇತ್ತೇ? 2024ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಹೊರಡಿಸಿದ ಚೌಕಟ್ಟು ಈ ಅಗಳಿಯನ್ನು ಸಡಿಲಿಸಿದೆ. ಪದವಿಯ ವಿಷಯ ಯಾವುದೇ ಇರಲಿ, ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಬೇರೆ ವಿಷಯದ ಎಂ.ಎ.ಗೂ ಅರ್ಹರು. ಮೂರು ವರ್ಷದ ಪದವಿಯವರಿಗೆ ಎರಡು ವರ್ಷ, ನಾಲ್ಕು ವರ್ಷದವರಿಗೆ ಒಂದೇ ವರ್ಷದ ಓದು. ಒಳ್ಳೆಯದೇ. 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಈ ಬಾಗಿಲನ್ನು ನಮ್ಮ ಮಕ್ಕಳಿಗೆ ಪೂರ್ಣ ತೆರೆದಿಡಬೇಕೆಂಬುದು ನಮ್ಮ ಆಗ್ರಹ.

ಯಾಕೆಂದರೆ ನಮ್ಮ ಬದುಕು ವಿಭಾಗಗಳಾಗಿ ಹಂಚಿಹೋಗಿಲ್ಲ. ಘಟಪ್ರಭೆಯ ಧುಮುಕಿನ ಬಳಿ ಗಿರಣಿ ನಿಂತದ್ದು ಭೂಗೋಳ, ಪಗಾರ ಅರ್ಥಶಾಸ್ತ್ರ, ಮುಷ್ಕರ ಕಾಯಿದೆ, ಯಾರ ಮನೆಯವರು ಯಾವ ಖಾತೆಗೆ ಸೇರಿದರೆಂಬುದು ಜಾತಿಯ ಲೆಕ್ಕ. ಪಗಾರ ತಡವಾದ ತಿಂಗಳು ಕಿರಾಣಿ ಅಂಗಡಿಯ ಉದ್ರಿ ವಹಿ ಬೆಳೆಯುತ್ತದಲ್ಲ, ಅದು ಯಾವ ವಿಭಾಗದ್ದು?

ಬಾಗಿಲು ತೆರೆಯಿರಿ ಎಂದರೆ ಓದನ್ನು ಹಗುರ ಮಾಡಿರೆಂದಲ್ಲ. ಸಂಖ್ಯಾಶಾಸ್ತ್ರ ಕಡ್ಡಾಯವಿರಲಿ, ಲೆಕ್ಕ ಬಾರದವನು ಮಾಲೀಕನ ಜಮಾಖರ್ಚನ್ನು ಪ್ರಶ್ನಿಸಲಾರ. (ಬರಿಯ ಭಾಷಣಕಾರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.) ಒಂದು ಅವಧಿಯಾದರೂ ಗಿರಣಿ ಚಾಳು, ಸಂತೆ, ಹೊಲಗಳಲ್ಲಿ ಕ್ಷೇತ್ರಕಾರ್ಯವಿರಲಿ. ಪ್ರವೇಶ ಪರೀಕ್ಷೆ ಕನ್ನಡದಲ್ಲಿಯೂ ನಡೆಯಲಿ. ಇಲ್ಲದಿದ್ದರೆ ಒಂದು ಅಗಳಿ ತೆಗೆದು ಇನ್ನೊಂದನ್ನು ಹಾಕಿದಂತಾದೀತು. ದುಡಿಯುತ್ತ ಓದುವವರಿಗಾಗಿ ತರಗತಿಯ ವೇಳೆಯನ್ನು ಪಾಳಿ ನೋಡಿ ಇಡಲಿ.