ಒಬ್ಬನೇ ದೇವರು, ಬೇರೆ ಬೇರೆ ಪಂಕ್ತಿ

ವಿಜಯಪುರದಿಂದ ಬಬಲೇಶ್ವರದ ಮೇಲೆ ಹಾಯ್ದರೆ ಜಮಖಂಡಿ ಬರುತ್ತದೆ. ವಿಠ್ಠಲ ರಾಮಜಿ ಶಿಂದೆ 1873ರಲ್ಲಿ ಹುಟ್ಟಿದ್ದು ಆ ಊರಲ್ಲಿ. ಅವರು ಬರೆದದ್ದು ಮರಾಠಿಯಲ್ಲಿ ಎಂಬ ಕಾರಣಕ್ಕೆ ನಮ್ಮ ಜಿಲ್ಲೆಗಳು ಅವರನ್ನು ಮಹಾರಾಷ್ಟ್ರಕ್ಕೆ ಬಿಟ್ಟುಕೊಟ್ಟು ನಿಶ್ಚಿಂತವಾಗಿವೆ. ಹೆಸರನ್ನು ಮರೆತರೆ ಅವರ ಪ್ರಶ್ನೆಗೂ ಉತ್ತರ ಕೊಡಬೇಕಾಗಿಲ್ಲವಲ್ಲ!

ಪ್ರಾರ್ಥನಾ ಸಮಾಜದ ಶಿಂದೆ 1901ರಲ್ಲಿ ಯುನಿಟೇರಿಯನ್ ಕ್ರೈಸ್ತರ ನೆರವಿನಿಂದ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜು ಸೇರಿ ಧರ್ಮಗಳ ತೌಲನಿಕ ಅಧ್ಯಯನ ಮಾಡಿದರು. ತ್ರಿತ್ವವನ್ನು ಒಪ್ಪದೆ ದೇವರು ಒಬ್ಬನೇ ಎನ್ನುವ ಪಂಥವದು. ತೌಹೀದ್ ನಂಬಿದ ಓದುಗರಿಗೆ ಈ ಮಾತು ಅಪರಿಚಿತವಲ್ಲ. ಮುಂದೆ ಕಲ್ಕತ್ತೆಯ ಯುನಿಟೇರಿಯನ್ನರೊಂದಿಗೆ ದುಡಿದ ರಾಮಮೋಹನ ರಾಯರು ಏಕದೇವೋಪಾಸನೆಯ ಪರವಾದ ತಮ್ಮ ಮೊದಲ ಪುಸ್ತಕ 'ತುಹ್ಫತುಲ್ ಮುವಹ್ಹಿದೀನ್' ಬರೆದದ್ದು ಪಾರ್ಸಿಯಲ್ಲಿ, ಅರಬಿ ಮುನ್ನುಡಿಯೊಂದಿಗೆ.

1903ರಲ್ಲಿ ಮರಳಿದ ಶಿಂದೆ ಕ್ರೈಸ್ತರಾಗಿರಲಿಲ್ಲ. ಅನ್ಯಧರ್ಮೀಯರ ನೆರವು ಎಂದೊಡನೆ ಮತಾಂತರದ ಹುಯಿಲೆಬ್ಬಿಸುವವರು ಇದನ್ನು ಗಮನಿಸಬೇಕು. ಕಲಿತದ್ದನ್ನು ಅವರು ಪ್ರವಚನಕ್ಕಷ್ಟೇ ಬಳಸಲಿಲ್ಲ. 1906ರಲ್ಲಿ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿ, ಸಹೋದರಿ ಜನಾಬಾಯಿಯವರೊಂದಿಗೆ ಅಸ್ಪೃಶ್ಯರೆನಿಸಿದವರ ಮಕ್ಕಳ ಶಿಕ್ಷಣಕ್ಕೆ ದುಡಿದರು. 1933ರಲ್ಲಿ 'ಭಾರತೀಯ ಅಸ್ಪೃಶ್ಯತೇಚಾ ಪ್ರಶ್ನ' ಪ್ರಕಟಿಸಿದರು. ಮೇಲ್ಜಾತಿಯವರು ದಲಿತರ ಪರವಾಗಿ ತಾವೇ ಮಾತಾಡುವುದನ್ನು ಅಂಬೇಡ್ಕರ್ ಕಟುವಾಗಿ ಟೀಕಿಸಿದ್ದರು. ಶಿಂದೆಯವರೂ ಆ ಟೀಕೆಗೆ ಹೊರತಲ್ಲ. ಆ ಟೀಕೆ ನ್ಯಾಯವಾದದ್ದೇ. ಆದರೆ ದೇವರು ಒಬ್ಬನೆಂದ ಮೇಲೆ ಮುಟ್ಟಬಾರದ ಮನುಷ್ಯ ಹೇಗೆ ಇದ್ದಾನು ಎಂಬ ಪ್ರಶ್ನೆಯನ್ನು ಶಿಂದೆ ತಮ್ಮ ಬದುಕಿಗೇ ಹಾಕಿಕೊಂಡಿದ್ದರು. ಆ ಪ್ರಶ್ನೆಗೆ ನಮ್ಮಲ್ಲಿ ಎಷ್ಟು ಮಂದಿ ಮುಖ ಕೊಡುತ್ತೇವೆ?

ಬಸವಣ್ಣನ ಹೆಸರಲ್ಲಿ ಭಾಷಣ ಮಾಡಿದವರು ದಲಿತನೆಂದು ತಿಳಿದೊಡನೆ ಬಾಡಿಗೆ ಮನೆ ಇಲ್ಲ ಎನ್ನುತ್ತಾರೆ. ಮುಸ್ಲಿಮರಾದ ನಾವೇನೂ ಕಡಿಮೆಯಿಲ್ಲ. ನಮಾಜಿನ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಹೆಣ್ಣು ಕೇಳುವಾಗ ಮಾತ್ರ ನದಾಫ, ಬಾಗವಾನ, ಛಪ್ಪರಬಂದ ಎಂದು ಸಾಲು ಬೇರೆ ಮಾಡುತ್ತೇವೆ. "ನಮ್ಮಲ್ಲಿ ಜಾತಿ ಇಲ್ಲ" ಎಂದು ವೇದಿಕೆಯಲ್ಲಿ ಹೇಳಿದ ಬಾಯಿಯೇ ಮನೆಯಲ್ಲಿ "ಅವರು ನಮ್ಮವರಲ್ಲ" ಎನ್ನುತ್ತದೆ. ಇದು ಕುರ್‌ಆನ್ ಕಲಿಸಿದ ಪಾಠವಲ್ಲ. ವಂಶಗಳೂ ಬುಡಕಟ್ಟುಗಳೂ ಪರಸ್ಪರ ಅರಿಯುವುದಕ್ಕಾಗಿ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ.

ತಿಕೋಟಾ, ಬಬಲೇಶ್ವರ ಈಗ ತಾಲೂಕು ಕೇಂದ್ರಗಳು. ಅಲ್ಲಿಯ ಶಾಲೆ-ಕಾಲೇಜುಗಳಲ್ಲಿ ಪಕ್ಕದ ಊರಿನ ಶಿಂದೆಯವರ ಬರಹ ಕನ್ನಡದಲ್ಲಿ ಚರ್ಚೆಯಾಗಲಿ. ಜಮಾತಿನ ಹಿರಿಯರು ಸಂಬಂಧ ಕುದುರಿಸುವಾಗ ಕುಲ ಕೇಳುವುದನ್ನು ನಿಲ್ಲಿಸಲಿ. ಅಲ್ಲಿಯತನಕ ದೇವರು ಒಬ್ಬನೇ ಎಂಬ ನಮ್ಮ ಮಾತನ್ನು ಪಕ್ಕದ ಕೇರಿಯವರು ನಂಬಬೇಕೆಂದು ಕೇಳುವ ಹಕ್ಕು ನಮಗಿಲ್ಲ.