ಕಾರಿಗೆ ಐದು ನಕ್ಷತ್ರ, ನಮಗೆಷ್ಟು?

ಕಳೆದ ತಿಂಗಳು ತಂಗಿಯ ಮನೆಯ ಗೃಹಪ್ರವೇಶ. ಊಟವಾಗಿ ಎಲೆ-ಅಡಿಕೆಯ ತಟ್ಟೆಯ ಸುತ್ತ ನಾವು ಏಳೆಂಟು ಜನ ಕುಳಿತಿದ್ದೆವು. ಹಿಂದೆಲ್ಲ ಇಂತಹ ಹೊತ್ತಿನಲ್ಲಿ ಅಡಿಕೆ ಧಾರಣೆಯ ಮಾತಾಗುತ್ತಿತ್ತು, ತಪ್ಪಿದರೆ ಮಳೆಯದು. ಈಗ ಕಾರಿನ ಮಾತು. ತಂಗಿಯ ಮಗ ಹೊಸದಾಗಿ ಒಂದು ಸಣ್ಣ ಎಸ್‌ಯುವಿಯನ್ನು ಕೊಂಡುಕೊಳ್ಳಲು ಹೊರಟಿದ್ದಾನೆ. "ಮಾವ, ಬಜೆಟ್ಟಿನಲ್ಲಿ ಸಿಗುವ ಎಸ್‌ಯುವಿ. ಫೈವ್ ಸ್ಟಾರ್. ಇನ್ನು ಯಾವ ರಸ್ತೆಗೂ ಹೆದರಬೇಕಾಗಿಲ್ಲ" ಎಂದ. ಪಕ್ಕದಲ್ಲಿದ್ದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, ಜೀವಮಾನವಿಡೀ ಜೀಪು ಓಡಿಸಿದವರು, ನಕ್ಕುಬಿಟ್ಟರು. "ಅದು ಎಸ್‌ಯುವಿ ಅಲ್ಲ ಮಾರಾಯ, ಮೆಟ್ಟುಗೋಲಿನ ಮೇಲೆ ನಿಂತ ಸಣ್ಣ ಕಾರು" ಎಂದರು. ಇಬ್ಬರೂ ನನ್ನ ಕಡೆ ನೋಡಿದರು. ಮೂರು ವರ್ಷದಿಂದ ಅಂತಹದೇ ಒಂದು ಕಾರು ನನ್ನ ಅಂಗಳದಲ್ಲಿದೆ. ಅದರ ಕಂಪನಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ನನ್ನ ಜಗಳ ಕಂಪನಿಯೊಂದಿಗಲ್ಲ. ಅಂದು ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಇಂತಹ ಕಾರನ್ನು ಕೊಂಡಿದ್ದೀರಿ, ಇಲ್ಲವೇ ಕೊಳ್ಳುವವರಿದ್ದೀರಿ. ಓದಿ ಸಿಟ್ಟಾದರೂ ಚಿಂತೆಯಿಲ್ಲ.

ಮೊದಲು ನನ್ನ ಸಹೋದ್ಯೋಗಿಯ ಮಾತನ್ನೇ ತೆಗೆದುಕೊಳ್ಳೋಣ. ಅವರು ಹೇಳಿದ್ದರಲ್ಲಿ ಸತ್ಯವಿದೆ. ಈ ಕಾರುಗಳು ಹುಟ್ಟಿದ್ದು ಕಾಡಿನ ಅಗತ್ಯದಿಂದಲ್ಲ, ತೆರಿಗೆಯ ಲೆಕ್ಕದಿಂದ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿದರು. ಸಣ್ಣ ಕಾರೆಂದರೆ ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ಹಾಗೂ ಡೀಸೆಲ್ ಎಂಜಿನ್ 1500 ಸಿಸಿ ದಾಟಬಾರದು. ಆ ಗೆರೆ ಇಂದಿಗೂ ಉಳಿದಿದೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾದಾಗಲೂ ಗೆರೆಯ ಈಚೆಗಿನ ಕಾರಿಗೆ ಶೇ. 18, ಆಚೆಗಿನದಕ್ಕೆ ಶೇ. 40 ಎಂದಾಯಿತು. ಇಷ್ಟು ದೊಡ್ಡ ಅಂತರವಿರುವಾಗ ತಯಾರಕರು ಏನು ಮಾಡಿಯಾರು? ಉದ್ದ ಬೆಳೆಸುವಂತಿಲ್ಲ, ಎಂಜಿನ್ ಹಿಗ್ಗಿಸುವಂತಿಲ್ಲ; ಉಳಿದದ್ದು ಎತ್ತರ. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್, 2016ರಲ್ಲಿ ಮಾರುತಿಯ ಬ್ರೆಝಾ, 2017ರಲ್ಲಿ ಟಾಟಾ ನೆಕ್ಸಾನ್, 2020ರ ಕೊನೆಗೆ ನಿಸಾನ್ ಮ್ಯಾಗ್ನೈಟ್, 2021ರಲ್ಲಿ ಟಾಟಾ ಪಂಚ್, 2023ರಲ್ಲಿ ಹ್ಯುಂಡೈ ಎಕ್ಸ್‌ಟರ್ ಹೀಗೆ ಸಾಲಾಗಿ ಬಂದವು. ಪಂಚ್ 2021ರಲ್ಲಿ ಬಿಡುಗಡೆಯಾದಾಗ ಅದರ ಆರಂಭಿಕ ಬೆಲೆ 5.49 ಲಕ್ಷ ರೂಪಾಯಿ. 2024ರಲ್ಲಿ ಅದರ ಎರಡು ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾಗಿ, ಮಾರುತಿಯ ಎಲ್ಲ ಕಾರುಗಳನ್ನೂ ಹಿಂದೆ ಹಾಕಿ ದೇಶದಲ್ಲೇ ಮೊದಲ ಸ್ಥಾನಕ್ಕೇರಿತು.

ಇಷ್ಟು ಜನ ಕೊಂಡದ್ದು ಕೇವಲ ಹುಚ್ಚಿನಿಂದ ಎಂದು ಹೇಳಿದರೆ ಅದು ಅನ್ಯಾಯ. ಸಹೋದ್ಯೋಗಿಯವರೊಂದಿಗೆ ನನ್ನ ಭಿನ್ನಾಭಿಪ್ರಾಯ ಇಲ್ಲಿಂದಲೇ ಆರಂಭವಾಗುತ್ತದೆ. ನನ್ನ ಮಡದಿಗೆ ಮಂಡಿನೋವು. ಹಳೆಯ ಕಾರಿನಲ್ಲಿ ಕೂರುವುದೆಂದರೆ ಬಾವಿಗಿಳಿದಂತೆ, ಏಳುವುದೆಂದರೆ ಬಾವಿಯಿಂದ ಹತ್ತಿದಂತೆ. ಈ ಕಾರಿನ ಆಸನ ಸೊಂಟದ ಎತ್ತರದಲ್ಲಿದೆ. ತಿರುಗಿ ಕುಳಿತರೆ ಸಾಕು, ಮಂಡಿ ಮಡಚುವ ಕಷ್ಟವಿಲ್ಲ. ಅರವತ್ತು ದಾಟಿದವರಿಗೆ ಈ ಒಂದು ಅನುಕೂಲವೇ ಸಾಕೆನಿಸೀತು. ಎರಡನೆಯದು ನೆಲದಿಂದ ಕಾರಿನ ಹೊಟ್ಟೆಗಿರುವ ಅಂತರ, ನೀವೆಲ್ಲ ಗ್ರೌಂಡ್ ಕ್ಲಿಯರೆನ್ಸ್ ಎನ್ನುವುದು. ಮಾರುತಿ ಸ್ವಿಫ್ಟ್‌ನಲ್ಲಿ ಅದು 163 ಮಿಲಿಮೀಟರ್, ಎಕ್ಸ್‌ಟರ್‌ನಲ್ಲಿ 185, ಪಂಚ್‌ನಲ್ಲಿ 187, ಮ್ಯಾಗ್ನೈಟ್‌ನಲ್ಲಿ 205. ಎರಡರಿಂದ ನಾಲ್ಕು ಸೆಂಟಿಮೀಟರ್ ಯಾವ ಮಹಾ ಎನ್ನಬೇಡಿ. ತೀರ್ಥಹಳ್ಳಿಯ ಕಡೆ ಮನೆಮನೆಗೂ ಹೋಗುವ ಕೆಮ್ಮಣ್ಣಿನ ದಾರಿಯಲ್ಲಿ ಮಳೆಗಾಲ ಕಳೆದ ಮೇಲೆ ನಡುವೆ ಮಣ್ಣಿನ ದಿಣ್ಣೆ ಉಳಿದು ಎರಡೂ ಬದಿಗೆ ಚಕ್ರದ ಕೊರಕಲು ಬೀಳುತ್ತದೆ. ಹಳೆಯ ಕಾರು ಪ್ರತಿ ಸಲ ಹೊಟ್ಟೆ ಉಜ್ಜಿಕೊಂಡೇ ಬರುತ್ತಿತ್ತು. ಇದು ಉಜ್ಜುವುದಿಲ್ಲ. ಪೇಟೆಯವರಿಗೂ ಲಾಭವಿದೆ: ಯಾರ ಅಪ್ಪಣೆಯೂ ಇಲ್ಲದೆ ಎದ್ದು ನಿಲ್ಲುವ ನಮ್ಮ ರಸ್ತೆ ಉಬ್ಬುಗಳು ಯಾವ ಅಳತೆಗೂ ಬದ್ಧವಲ್ಲವಷ್ಟೆ.

ಗುಣವೆಂದರೆ ಇಷ್ಟೇ: ಎತ್ತರದ ಆಸನ, ಎತ್ತರದ ಹೊಟ್ಟೆ, ಸಣ್ಣ ಜಾಗದಲ್ಲಿ ನಿಲ್ಲಿಸಬಹುದಾದ ಉದ್ದ. ಇವು ನಿಜವಾದ ಗುಣಗಳು. ಆದರೆ ಇವುಗಳ ಮೇಲೆ "ಎಸ್‌ಯುವಿ" ಎಂಬ ಮೂರಕ್ಷರ ಅಂಟಿಸಿದೊಡನೆ, ಇಲ್ಲದ ಗುಣಗಳೂ ಇವೆಯೆಂದು ಕೊಂಡವನು ನಂಬತೊಡಗುತ್ತಾನೆ. ನನ್ನ ತಕರಾರು ಇರುವುದು ಆ ನಂಬಿಕೆಯೊಂದಿಗೆ.

ನಾನೂ ನಂಬಿದ್ದೆ. ಮೊದಲ ಮಳೆಗಾಲದಲ್ಲಿ ಬಂಧುಗಳ ತೋಟದ ಮನೆಗೆ ಹೋದೆ. ಕೊನೆಯ ಏರು ಕಡಿದಾದದ್ದು, ಜಾರು ಬೇರೆ. ಜೀಪುಗಳು ಹತ್ತುವುದನ್ನು ಕಂಡಿದ್ದ ನಾನು ಇದೂ ಹತ್ತೀತು ಎಂದು ಬಿಟ್ಟೆ. ಅರ್ಧಕ್ಕೆ ಮುಂದಿನ ಚಕ್ರಗಳು ಗಿರ್ರೆಂದು ತಿರುಗಿದವು, ಕಾರು ಮಾತ್ರ ಹಿಂದಕ್ಕೆ ಜಾರಿತು. ಕಾರಣ ತಿಳಿಯಲು ಎಂಜಿನಿಯರೇ ಆಗಬೇಕಿಲ್ಲ, ನನ್ನ ಹತ್ತನೆಯ ತರಗತಿಯಲ್ಲಿ ಕುಳಿತಿದ್ದರೆ ಸಾಕು. ಅಗ್ಗದ ಬೆಲೆಯ ಈ ಕಾರುಗಳಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ, ಮುಂದಿನ ಚಕ್ರದ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಒತ್ತಡ ಕಡಿಮೆಯಾದರೆ ಘರ್ಷಣೆಯೂ ಕಡಿಮೆ. ಎಲ್ಲಕ್ಕಿಂತ ಹೆಚ್ಚು ಹಿಡಿತ ಬೇಕಾದ ಹೊತ್ತಿನಲ್ಲೇ ಹಿಡಿತ ತಪ್ಪುತ್ತದೆ. ನಾಲ್ಕು ಮೀಟರಿನೊಳಗೇ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಥಾರ್, ಜಿಮ್ನಿಗಳು ಇಲ್ಲವೆಂದಲ್ಲ, ಅವುಗಳ ಬೆಲೆ ಬೇರೆ. ಅಂದು ನಮ್ಮನ್ನು ಮೇಲಕ್ಕೆ ಎಳೆದದ್ದು ಅದೇ ಸಹೋದ್ಯೋಗಿಯ ಜೀಪು. ಅವರು ಅದನ್ನು ಇಂದಿಗೂ ಮರೆತಿಲ್ಲ.

ಎಂಜಿನ್ನಿನ ಕಥೆಯೂ ತೆರಿಗೆಯ ಗೆರೆಯ ಕಥೆಯೇ. ಮ್ಯಾಗ್ನೈಟ್‌ನ ಟರ್ಬೊ ಇಲ್ಲದ ಎಂಜಿನ್ 999 ಸಿಸಿ, 72 ಪಿಎಸ್. ಪಂಚ್ ಬಂದಾಗ ಅದರದು 1199 ಸಿಸಿ, 86 ಪಿಎಸ್. ಎರಡಕ್ಕೂ ಮೂರೇ ಸಿಲಿಂಡರ್. ಒಬ್ಬಿಬ್ಬರು ಪೇಟೆಯಲ್ಲಿ ಓಡಾಡಲು ಧಾರಾಳವಾಯಿತು. ಐದು ಜನ ಕುಳಿತು, ಹಿಂದೆ ಸಾಮಾನು ತುಂಬಿ, ಏಸಿ ಹಾಕಿ ಆಗುಂಬೆಯ ಹದಿನಾಲ್ಕು ತಿರುವು ಹತ್ತುವಾಗ ಮಾತು ಬೇರೆ. ಎರಡನೆಯ ಗೇರಿನಲ್ಲಿ ಏದುಸಿರು, ಮೊದಲನೆಯದರಲ್ಲಿ ಅರಚಾಟ. ಹೆದ್ದಾರಿಯಲ್ಲಿ ಲಾರಿಯನ್ನು ದಾಟುವಾಗ ಬೇಕಾದ ಬಲ ಸಿಗಲು ಎರಡು ಕ್ಷಣ ತಡವಾಗುತ್ತದೆ. ಎದುರಿನಿಂದ ಬಸ್ಸು ಬರುತ್ತಿದ್ದರೆ ಆ ಎರಡು ಕ್ಷಣ ಬಹಳ ದೊಡ್ಡದು. ಮೇಲಾಗಿ ಎತ್ತರ ಹೆಚ್ಚಿದಷ್ಟೂ ಗುರುತ್ವ ಕೇಂದ್ರ ಮೇಲೇರುತ್ತದೆ. ತಗ್ಗಿನ ಕಾರು ಸಹಿಸುವ ವೇಗದ ತಿರುವನ್ನು ಇದು ವಾಲಿ ವಾಲಿ ದಾಟುತ್ತದೆ. ಎತ್ತರದಲ್ಲಿ ಕುಳಿತವನಿಗೆ ವೇಗ ಕಡಿಮೆ ಇದ್ದಂತೆ ತೋರುವುದೂ ಉಂಟು, ನನಗಂತೂ ಹಾಗಾಗಿದೆ.

ಹಿಂದಿನ ಆಸನದ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. ಕಾಗದದಲ್ಲಿ ಅದು ಮೂವರಿಗೆ. ಮೂವರು ದೊಡ್ಡವರು ಕುಳಿತರೆ ಇಳಿಯುವಾಗ ಒಬ್ಬರಿಗೊಬ್ಬರು ಮಾತು ಬಿಟ್ಟಿರುತ್ತಾರೆ.

ಇನ್ನು ಆ ಪ್ರಸಿದ್ಧ ನಕ್ಷತ್ರಗಳು. ಗೃಹಪ್ರವೇಶದ ದಿನ ನನ್ನನ್ನು ಕೆರಳಿಸಿದ್ದು ಇದೇ. "ಫೈವ್ ಸ್ಟಾರ್ ಮಾವ, ಏನೂ ಆಗಲ್ಲ" ಎಂದು ಅಳಿಯ ಎರಡು ಸಲ ಹೇಳಿದ. ಏನೂ ಆಗುವುದಿಲ್ಲವೇ? 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಪಂಚ್ ಕಾರನ್ನು ಪರೀಕ್ಷಿಸಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ, ಮಕ್ಕಳ ರಕ್ಷಣೆಗೆ ನಾಲ್ಕು ನಕ್ಷತ್ರ ಕೊಟ್ಟಿತು. 2016ರಲ್ಲಿ ನಮ್ಮ ದೇಶದ ಕೆಲವು ಅಗ್ಗದ ಕಾರುಗಳು ಇದೇ ಸಂಸ್ಥೆಯಿಂದ ಸೊನ್ನೆ ಪಡೆದಿದ್ದವು. ಅದನ್ನು ನೆನೆದರೆ ಇದು ನಿಜಕ್ಕೂ ಹೆಮ್ಮೆಯ ಸಂಗತಿ, ನಾನು ಅಲ್ಲಗಳೆಯುವುದಿಲ್ಲ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಬಂದಿದೆ. ಆದರೆ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಎಷ್ಟು ಮಂದಿ ವಿಚಾರಿಸಿದ್ದಾರೆ? ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರಿನ ಮುಖದ ಒಂದು ಭಾಗವನ್ನು ತಡೆಗೋಡೆಗೆ ಗುದ್ದಿಸುತ್ತಾರೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ನಿಮಗೆಲ್ಲ ಕಲಿಸಿದ್ದೇನೆ. 64ರ ಬದಲು 90ರಲ್ಲಿದ್ದರೆ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟು. ಆ ಡಿಕ್ಕಿ ಸರಿಸುಮಾರು ತನ್ನಷ್ಟೇ ತೂಕದ ಇನ್ನೊಂದು ಕಾರಿಗೆ ಹೊಡೆದಂತೆ. ಮರಳು ತುಂಬಿದ ಲಾರಿಗೆ ಹೊಡೆದಂತಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು: ಒಳಗೆ ಕುಳ್ಳಿರಿಸಿದ ಬೊಂಬೆಗಳೆಲ್ಲ ಸೀಟ್ ಬೆಲ್ಟ್ ಕಟ್ಟಿಕೊಂಡಿರುತ್ತವೆ. ಮಗುವಿನ ಬೊಂಬೆ ಮಗುವಿಗೆಂದೇ ಇರುವ ಆಸನದಲ್ಲಿರುತ್ತದೆ, ಅಜ್ಜಿಯ ತೊಡೆಯ ಮೇಲಲ್ಲ. ಬೆಲ್ಟ್ ಕಟ್ಟದವನ ಮಟ್ಟಿಗೆ ಆ ಐದು ನಕ್ಷತ್ರ ಬೇರೆ ಯಾರದೋ ಅಂಕಪಟ್ಟಿ.

ನಾವು ಮಾಡುವುದಾದರೂ ಏನು? ಬೆಲ್ಟ್ ಕಟ್ಟದಿದ್ದರೆ ಕಾರು ಕೂಗುತ್ತದೆಂದು, ಅದರ ಬಾಯಿ ಮುಚ್ಚಿಸಲು ಒಂದು ತುಂಡು ಕ್ಲಿಪ್ಪನ್ನು ಕೊಂಡು ಸಿಕ್ಕಿಸುತ್ತೇವೆ. ಅಂತಹ ಕ್ಲಿಪ್ಪುಗಳ ಮಾರಾಟ ನಿಲ್ಲಿಸಬೇಕೆಂದು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಆದೇಶ ಹೊರಡಿಸಬೇಕಾಯಿತು. ಲಕ್ಷಗಟ್ಟಲೆ ಕೊಟ್ಟು ಸುರಕ್ಷತೆಯನ್ನು ಕೊಳ್ಳುವವರೂ ನಾವೇ, ಪುಡಿಗಾಸು ಕೊಟ್ಟು ಅದನ್ನು ಕೊಲ್ಲುವವರೂ ನಾವೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಸೀಟ್ ಬೆಲ್ಟ್ ಕಟ್ಟದೆ ಸತ್ತವರು 16,715 ಮಂದಿ. ಅವರಲ್ಲಿ 8,331 ಮಂದಿ ಪ್ರಯಾಣಿಕರು, ಅಂದರೆ ಚಾಲಕರಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡದ್ದು ದುಬಾರಿ ಕಾರಿನ ಹಿಂದಿನ ಆಸನದಲ್ಲಿ, ಬೆಲ್ಟ್ ಇಲ್ಲದೆ. ಇನ್ನು ಸನ್‌ರೂಫ್! ಅದಕ್ಕಾಗಿ ಮೇಲಿನ ಶ್ರೇಣಿಯ ಕಾರಿಗೆ ಹೆಚ್ಚು ಹಣ ಕೊಟ್ಟು, ಅದರಿಂದ ಮಗುವನ್ನು ಹೊರಗೆ ನಿಲ್ಲಿಸಿ ಹೆದ್ದಾರಿಯಲ್ಲಿ ಹೋಗುವವರನ್ನು ಕಂಡಾಗ, ನಿವೃತ್ತನಾಗಿದ್ದರೂ ನನ್ನ ಕೈ ಬೆತ್ತ ಹುಡುಕುತ್ತದೆ.

ಇಷ್ಟು ಬೈದ ಮೇಲೆ ನನ್ನದನ್ನೂ ಹೇಳಲೇಬೇಕು. ಗೃಹಪ್ರವೇಶದ ದಿನ ಹೇಳಲಾಗದೆ ಉಳಿದದ್ದು ಇದೇ.

ಒಂದೂವರೆ ವರ್ಷದ ಹಿಂದೆ ಉಡುಪಿಗೆ ಹೊರಟಿದ್ದೆವು. ಮುಂದೆ ನಾನು ಮತ್ತು ನನ್ನ ಮಗ, ಹಿಂದೆ ಮಡದಿ, ಸೊಸೆ, ಮಡದಿಯ ತಮ್ಮ. ನಾಲ್ಕು ವರ್ಷದ ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ. ಐದು ಜನರ ಕಾರಿನಲ್ಲಿ ಆರು ಜೀವ. ಹಿಂದೆ ಯಾರೂ ಬೆಲ್ಟ್ ಕಟ್ಟಿರಲಿಲ್ಲ, ಜಾಗವೂ ಇರಲಿಲ್ಲ. ಘಟ್ಟ ಇಳಿದು ಸೋಮೇಶ್ವರ ದಾಟಿ ಹೆಬ್ರಿಯ ಕಡೆ ಕಾಡಿನ ನಡುವೆ ಹೋಗುತ್ತಿದ್ದಾಗ ಒಂದು ದನ ಅಡ್ಡ ಬಂತು. ವೇಗ ನಲವತ್ತೋ ನಲವತ್ತೈದೋ. ಬ್ರೇಕು ತುಳಿದೆ. ಕಾರು ಚೆನ್ನಾಗಿಯೇ ನಿಂತಿತು, ದನಕ್ಕೆ ಏನೂ ಆಗಲಿಲ್ಲ. ಮಗು ಅಜ್ಜಿಯ ಕೈ ತಪ್ಪಿ ನನ್ನ ಆಸನದ ಬೆನ್ನಿಗೆ ಬಡಿದುಕೊಂಡಿತು. ತುಟಿ ಸೀಳಿತು. ಮೂರು ಹೊಲಿಗೆ. ಅವಳು ಅತ್ತದ್ದಕ್ಕಿಂತ ಹೆಚ್ಚಾಗಿ ನನಗೆ ನೆನಪಿರುವುದು, "ಬಿಗಿಯಾಗಿ ಹಿಡ್ಕೊಂಡಿದ್ದೆ ಕಣ್ರೀ, ಬಿಗಿಯಾಗಿಯೇ ಹಿಡ್ಕೊಂಡಿದ್ದೆ" ಎಂದು ಮಡದಿ ದಾರಿಯುದ್ದಕ್ಕೂ ಹೇಳುತ್ತಿದ್ದುದು.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕಾಗದದಲ್ಲಿ ಲೆಕ್ಕ ಹಾಕಿದೆ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಡಿಕ್ಕಿಯಲ್ಲಿ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆಂದುಕೊಳ್ಳಿ. 15 ಕಿಲೋ ತೂಕದ ಮಗುವನ್ನು ತಡೆಹಿಡಿಯಲು ಬೇಕಾಗುವ ಬಲ ಸುಮಾರು 210 ಕಿಲೋ ತೂಕಕ್ಕೆ ಸಮ: ಐವತ್ತು ಕಿಲೋದ ಅಕ್ಕಿಮೂಟೆ ನಾಲ್ಕು. ಯಾವ ಅಜ್ಜಿಯ ತೋಳು ತಡೆದೀತು? ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು: ಲೋಟದ ಮೇಲೆ ಇಸ್ಪೀಟಿನ ಎಲೆ, ಎಲೆಯ ಮೇಲೆ ನಾಣ್ಯ, ಎಲೆಯನ್ನು ಬೆರಳಿನಿಂದ ಚಿಮ್ಮಿದರೆ ನಾಣ್ಯ ಲೋಟದೊಳಗೆ ಠಣ್ ಎಂದು ಬೀಳುತ್ತಿತ್ತು, ನೀವು ಚಪ್ಪಾಳೆ ತಟ್ಟುತ್ತಿದ್ದಿರಿ. ಮೂವತ್ತಮೂರು ವರ್ಷ ಜಡತ್ವವನ್ನು ಹಾಗೆ ಕಲಿಸಿದ ಮನುಷ್ಯ ತನ್ನ ಮೊಮ್ಮಗಳನ್ನೇ ನಾಣ್ಯ ಮಾಡಿ ಕೂರಿಸಿದ್ದ. ಆ ಕಾರಿನ ಕರಪತ್ರದಲ್ಲಿ ಮಗುವಿನ ಆಸನ ಸಿಕ್ಕಿಸುವ ಐಸೊಫಿಕ್ಸ್ ಕೊಂಡಿಗಳಿವೆ ಎಂದು ಬರೆದದ್ದನ್ನು ಓದಿಯೇ ನಾನು ಕೊಂಡಿದ್ದೆ. ಆ ಕೊಂಡಿಗಳಲ್ಲಿ ಇದ್ದದ್ದು ಕಡಲೆಕಾಯಿ ಸಿಪ್ಪೆ.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ 194ಬಿ ಕಲಮಿನಂತೆ ಹದಿನಾಲ್ಕರೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಕಟ್ಟದಿದ್ದರೆ ಸಾವಿರ ರೂಪಾಯಿ ದಂಡ. ಅಂದು ಯಾರೂ ನನಗೆ ದಂಡ ಹಾಕಲಿಲ್ಲ.

ಹಾಗಾದರೆ ಅಳಿಯ ಆ ಕಾರನ್ನು ಕೊಳ್ಳಬೇಕೇ, ಬಾರದೇ? ಕೊಳ್ಳಲಿ. ಅವನ ತಾಯಿಯ ಮಂಡಿಗೆ ಒಳ್ಳೆಯದು, ಅವನ ಮನೆಯ ದಾರಿಗೂ ಒಳ್ಳೆಯದು. ಆದರೆ ಅದನ್ನು ಎತ್ತರದ ಸಣ್ಣ ಕಾರೆಂದೇ ತಿಳಿದು ಕೊಳ್ಳಲಿ. ಸನ್‌ರೂಫಿನ ಹಣದಲ್ಲಿ ಮಗುವಿಗೊಂದು ಆಸನ ಬಂದೀತು. ಮೇಲಿನ ಶ್ರೇಣಿಗೆಂದು ಹೆಚ್ಚು ಹಣ ಕೊಡುವುದಾದರೆ ಏರ್‌ಬ್ಯಾಗುಗಳಿಗೂ ಇಎಸ್‌ಸಿಗೂ ಕೊಡಲಿ, ಬಣ್ಣದ ದೀಪಕ್ಕಲ್ಲ. ಕೆಸರಿನ ಏರು ಬಂದರೆ ಕೆಳಗೇ ನಿಲ್ಲಿಸಿ ನಡೆದು ಹೋಗಲಿ, ನನ್ನ ಸಹೋದ್ಯೋಗಿಯ ಜೀಪಿಗೂ ವಯಸ್ಸಾಗಿದೆ.

ನಮ್ಮ ಕಾರಿನ ಹಿಂದಿನ ಆಸನದಲ್ಲಿ ಈಗ ಮೊಮ್ಮಗಳ ಕುರ್ಚಿ ಕಾಯಂ ಆಗಿ ಕುಳಿತಿದೆ. ಅದರ ಪಕ್ಕದಲ್ಲಿ ಬೆಲ್ಟ್ ಕಟ್ಟಿ ಸರಿಯಾಗಿ ಕೂರಲು ಆಗುವುದು ಇಬ್ಬರಿಗೆ ಮಾತ್ರ, ಅದೂ ಸಣಕಲಾಗಿದ್ದರೆ. ಮಡದಿಯ ತಮ್ಮ ಸಣಕಲಲ್ಲ. ಮೊನ್ನೆ ಮತ್ತೆ ಉಡುಪಿಗೆ ಹೊರಟಾಗ ಅವನನ್ನು ಬಸ್ಸಿಗೆ ಹತ್ತಿಸಿದೆ. "ಅಷ್ಟು ದೊಡ್ಡ ಎಸ್‌ಯುವಿಯಲ್ಲಿ ನನಗೊಂದು ಜಾಗ ಇಲ್ವಾ ಭಾವ?" ಎಂದು ಅವನು ಬಸ್ಸಿನ ಕಿಟಕಿಯಿಂದ ಕೂಗಿದ್ದು ಇಡೀ ನಿಲ್ದಾಣಕ್ಕೆ ಕೇಳಿಸಿತು.